ಸೂಜಿಮೊನೆಯಷ್ಟು ಗಾಯ

ಕಾದ ಹೈಡ್ರಾಲಿಕ್ ಆಯಿಲ್‌ನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆಗೆ ಯಾರೋ ಸೀಮೆಎಣ್ಣೆ ಸುರಿದ ಹಾಗಿರುತ್ತದೆ. ಕಳೆದ ವಾರ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ವಾಸನೆ ಬಂತು. ಚರಂಡಿಗೆಂದು ರಸ್ತೆಯಂಚು ಅಗೆಯುತ್ತಿದ್ದ ಜೆಸಿಬಿಯೊಂದು ತೋಳು ಮೇಲೆತ್ತಿಕೊಂಡು ನಿಂತಿತ್ತು. ಎಂಜಿನ್ ಓಡುತ್ತಲೇ ಇತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಆಪರೇಟರ್ ಕೆಳಗಿಳಿದು, ಆಯಿಲ್ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ರಬ್ಬರ್ ಹೋಸಿನ ಉದ್ದಕ್ಕೂ ಬರಿಗೈ ಆಡಿಸುತ್ತಿದ್ದ, ಮಗುವಿಗೆ ಜ್ವರ ಇದೆಯೇ ಎಂದು ಮುಟ್ಟಿ ನೋಡುವ ಹಾಗೆ. ನಾನು ರಸ್ತೆ ದಾಟಿ ಹೋಗಿ ಮಡಚಿದ ಛತ್ರಿಯಿಂದ ಅವನ ಮುಂಗೈಗೆ ಬಲವಾಗಿ ಬಾರಿಸಿದೆ.

ಅವನು ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಜನ ಸೇರಿದರು. ಎಂಜಿನ್ ಆಫ್ ಮಾಡು ಎಂದು ನಾನು ಹೇಳುತ್ತಿದ್ದುದು ಆ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಯಾರೋ ಬಿಡಿಸಿದರು. ಅಂಗಿಯ ಎರಡು ಗುಂಡಿ ಕಳೆದುಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ನಲವತ್ತು ದಾಟಿದವನು, ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡು ನಾಲ್ಕು ಜನರೆದುರು ಮರ್ಯಾದೆಯಿಂದ ಇರುವವನು, ಗುರುತು ಪರಿಚಯವಿಲ್ಲದವನಿಗೆ ನಡುರಸ್ತೆಯಲ್ಲಿ ಹೊಡೆದಿದ್ದೆ. ಹೊಡೆದ ರೀತಿ ನನ್ನದಲ್ಲ, ಹಿಂದೆ ನನ್ನ ಜೊತೆಗಿದ್ದ ಒಬ್ಬ ಫಿಟ್ಟರನದು ಎಂದು ಆಮೇಲೆ ಹೊಳೆಯಿತು.

ಹದಿನೈದು ವರ್ಷದ ಹಿಂದೆ ನಾನು ಒಬ್ಬ ಕಂಟ್ರಾಕ್ಟರ್ ಹತ್ತಿರ ಮಷಿನ್ ಆಪರೇಟರ್ ಆಗಿದ್ದೆ. ಭದ್ರಾವತಿಗೆ ಹೋಗುವ ದಾರಿಯಲ್ಲಿ ಅವರ ಯಾರ್ಡ್ ಇತ್ತು. ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ಓಡುತ್ತಾ ಮಣ್ಣು ಅಗೆಯುವ ಮೂರು ಚೈನ್ ಮಷಿನ್, ಎರಡು ಜೆಸಿಬಿ, ಒಂದು ರೋಲರ್, ಕೆಲವು ಟಿಪ್ಪರ್. ಇವನ್ನೆಲ್ಲ ರಿಪೇರಿ ಮಾಡಲು ಒಬ್ಬನೇ ಫಿಟ್ಟರ್. ಭದ್ರಾವತಿಯ ಹಳೇ ಊರಿನವನು. ಕಾರ್ಖಾನೆಯಲ್ಲಿ ಬಹಳ ವರ್ಷ ಕಂಟ್ರಾಕ್ಟ್ ಮೇಲೆ ದುಡಿದು, ಆ ಕೆಲಸ ಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಗಿಡ್ಡ ಆಳು, ಎತ್ತಿನಂಥ ಕುತ್ತಿಗೆ. ಎಡಗೈಯ ಎರಡು ಬೆರಳು ಬುಡದಿಂದಲೇ ಇರಲಿಲ್ಲ. ಹೇಗೆ ಹೋದವು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಹೊಡೆಯುವಾಗ ಎರಡೂ.

ಹೊಡೆಯುತ್ತಿದ್ದ. ಮುಚ್ಚಿಡುವುದೇನಿದೆ, ನಾಯಿಗೆ ಬಡಿದ ಹಾಗೆ ಬಡಿಯುತ್ತಿದ್ದ. ಹಳೆಯ ಹೈಡ್ರಾಲಿಕ್ ಹೋಸಿನ ಒಂದು ಮೊಳ ಉದ್ದದ ತುಂಡು ಸದಾ ಅವನ ಸೊಂಟದಲ್ಲಿ ಸಿಕ್ಕಿಸಿರುತ್ತಿತ್ತು. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ರಬ್ಬರ್ ಅದು. ಮೀನಖಂಡದ ಮೇಲೆ ಬಿದ್ದರೆ ಎರಡು ದಿನ ಕುಂಟಬೇಕು. ಎದುರಿಗೆ ನಾವೆಲ್ಲ ‘ಅಣ್ಣ’ ಎನ್ನುತ್ತಿದ್ದೆವು. ಬೆನ್ನ ಹಿಂದೆ ಏನೆನ್ನುತ್ತಿದ್ದೆವು ಎಂಬುದನ್ನು ಬರೆಯಲಾಗುವುದಿಲ್ಲ.

ಒಂದೊಂದು ಕಾಲಕ್ಕೂ ಒಂದೊಂದು ತಪ್ಪು, ಒಂದೊಂದು ತಪ್ಪಿಗೂ ಒಂದೊಂದು ಬಗೆಯ ಏಟು. ಬೇಸಿಗೆಯಲ್ಲಿ ನಮಗೆ ಕೆರೆ ಹೂಳೆತ್ತುವ ಕೆಲಸ, ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲಿನ ಗುಡ್ಡ ಕಡಿಯುವ ಕೆಲಸ. ಕೆಂಪು ಧೂಳು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಅದಕ್ಕೇ ಏರ್ ಫಿಲ್ಟರನ್ನು ದಿನಕ್ಕೆರಡು ಸಲ ಬಿಚ್ಚಿ ಕೊಡವಬೇಕು. ಫಿಟ್ಟರ್ ಯಾವ ಹೊತ್ತಿನಲ್ಲೋ ಸೈಟಿಗೆ ಬಂದು ಮೊದಲು ಅದನ್ನೇ ಬಿಚ್ಚುತ್ತಿದ್ದ. ಧೂಳು ಕಂಡರೆ ಆಪರೇಟರನನ್ನು ಕೂರಿಸಿ, ಫಿಲ್ಟರನ್ನು ಅವನ ತಲೆಯ ಮೇಲೆ ಬಡಿದು ಬಡಿದು ಖಾಲಿ ಮಾಡುತ್ತಿದ್ದ. ಅವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುವ ತನಕ ಬಿಡುತ್ತಿರಲಿಲ್ಲ. “ಮಷಿನ್‌ಗೂ ಹಿಂಗೇ ಆಗ್ತದೆ ಡಾ” ಎಂದಷ್ಟೇ ಹೇಳುತ್ತಿದ್ದ.

ಮಳೆಗಾಲದಲ್ಲಿ ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿಕೊಳ್ಳುತ್ತದೆ. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುಂಚೆ ಅಡಿಯ ಬಟ್ಟಲಿನ ತಿರುಪು ಸಡಿಲಿಸಿ ಆ ನೀರು ಬಿಡಬೇಕು. ಮರೆತ ಒಬ್ಬ ಆಪರೇಟರನ ತಲೆಗೆ ಆ ಕೊಳಕು ನೀರು, ಡೀಸೆಲ್ ಎಲ್ಲ ಸುರಿದು ಇಡೀ ದಿನ ಒರೆಸಿಕೊಳ್ಳಲು ಬಿಡದೆ ಕೆಲಸ ಮಾಡಿಸಿದ್ದ. ಚೈನಿಗೆ ಅಂಟಿದ ಜೇಡಿಮಣ್ಣನ್ನು ಸಂಜೆಯೇ ಕೆರೆದು ತೆಗೆಯಬೇಕು, ಬೆಳಗಾಗುವಷ್ಟರಲ್ಲಿ ಅದು ಬಿಗಿದುಕೊಂಡರೆ ಚೈನಿನ ರೋಲರ್ ತಿರುಗುವುದಿಲ್ಲ. ಕೆರೆಯದೆ ಮನೆಗೆ ಹೊರಟವನನ್ನು ಬಸ್ಸಿನಿಂದ ಎಳೆದು ಇಳಿಸಿ ತಂದದ್ದನ್ನು ನಾನೇ ನೋಡಿದ್ದೇನೆ. ಚಳಿಗಾಲದಲ್ಲಿ ಆಯಿಲ್ ಬೆಚ್ಚಗಾಗುವವರೆಗೆ ಹತ್ತು ನಿಮಿಷ ಲಿವರ್ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಬೆರಳ ಗಿಣ್ಣಿಗೆ ಏಟು. ಆಯುಧಪೂಜೆಯ ದಿನ ಮಾತ್ರ ಶಾಂತ. ಅಂದು ಪ್ರತಿ ಮಷಿನ್ನಿಗೂ ತಾನೇ ಗ್ರೀಸ್ ಹೊಡೆದು, ತಾನೇ ಬೂದುಗುಂಬಳ ಒಡೆಯುತ್ತಿದ್ದ. ಅದನ್ನು ನೆಲಕ್ಕೆ ಅಪ್ಪಳಿಸುವ ರಭಸ ನೋಡಿ ನಾವು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆವು.

ನನ್ನ ಸರದಿಯೂ ಬಂದಿತ್ತು. ಒಮ್ಮೆ ಬಕೆಟ್ಟನ್ನು ನೆಲಕ್ಕಿಳಿಸದೆ, ಮೇಲೆ ತೂಗಲು ಬಿಟ್ಟು ಊಟಕ್ಕೆ ಕೂತಿದ್ದೆ. ಅವನು ಬಂದವನೇ ನನ್ನ ಊಟದ ಡಬ್ಬಿಯನ್ನು ಗುಂಡಿಗೆ ಒದ್ದ. ಕತ್ತು ಹಿಡಿದು ನೂಕಿಕೊಂಡು ಹೋಗಿ ಆ ಬಕೆಟ್ಟಿನ ಅಡಿಯಲ್ಲೇ ನಿಲ್ಲಿಸಿದ. “ನಿಂತ್ಕೋ. ಬೀಳ್ತದೋ ಇಲ್ವೋ ನೋಡಾಣ.” ಅರ್ಧ ಗಂಟೆ ನಿಂತೆ. ಒಂದು ಟನ್ ಕಬ್ಬಿಣ ನೆತ್ತಿಯ ಮೇಲಿತ್ತು, ಬೆವರು ಬೆನ್ನಿನಿಂದ ಕಾಲಿಗಿಳಿಯುತ್ತಿತ್ತು. ಅವನೂ ಅಷ್ಟು ಹೊತ್ತು ನನ್ನ ಪಕ್ಕದಲ್ಲೇ, ಅದೇ ಬಕೆಟ್ಟಿನ ಅಡಿಯಲ್ಲೇ ಬೀಡಿ ಸೇದುತ್ತಾ ನಿಂತಿದ್ದ ಎನ್ನುವುದು ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ. ಅವನನ್ನು ಕೊಲ್ಲಬೇಕು ಎನ್ನಿಸಿತ್ತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಎನ್ನಿಸಿತ್ತು.

ನನ್ನನ್ನು ಅವನು ಒಂದು ವಿಷಯಕ್ಕೆ ಮಾತ್ರ ತಮಾಷೆ ಮಾಡುತ್ತಿದ್ದ. ಮಷಿನ್ ಎಷ್ಟು ಗಂಟೆ ಓಡಿತು ಎಂದು ಬರೆಯುವ ಹಾಳೆಗೆ ದಿನಾ ಸಂಜೆ ಆಪರೇಟರ್ ಸಹಿ ಹಾಕಬೇಕಿತ್ತು. ಪಿಯುಸಿ ಪಾಸಾದವನು ನಾನೊಬ್ಬನೇ. ಹೆಸರು ಪೂರ್ತಿ ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ಕೊನೆಗೆ ಎರಡು ಚುಕ್ಕೆ ಇಡುತ್ತಿದ್ದೆ. “ಕಲೆಕ್ಟರ್ ಸಾಹೇಬ್ರು ಸೈನ್ ಹಾಕ್ತಾವ್ರೆ, ಯಾರೂ ಮಾತಾಡ್ಬೇಡಿ” ಎನ್ನುತ್ತಿದ್ದ. ಆಮೇಲೆ ಆ ಹಾಳೆಯನ್ನು ತಾನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ…

ಆ ವರ್ಷ ಮೇ ಕೊನೆಯಲ್ಲಿ ತ್ಯಾವರೆಕೊಪ್ಪದ ಆಚೆ ಒಂದು ಕೆರೆಯ ಹೂಳು ತೆಗೆಯುತ್ತಿದ್ದೆವು. ಬೆಳಗಿನ ಹೊತ್ತು ಗಾಳಿ ಈ ಕಡೆ ಬೀಸಿದರೆ ಅಲ್ಲಿನ ಸಫಾರಿಯ ಸಿಂಹ ಕೂಗುವುದು ಕೇಳುತ್ತಿತ್ತು. ಮೋಡ ಕಟ್ಟುತ್ತಿತ್ತು, ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂದು ಓನರ್ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದರು. ಒಂದು ದಿನ ಹನ್ನೊಂದರ ಹೊತ್ತಿಗೆ ನನ್ನ ಮಷಿನ್ನಿನ ತೋಳು ಸೋತವರ ಹಾಗೆ ನಿಧಾನವಾಯಿತು. ಎಲ್ಲೋ ಆಯಿಲ್ ಸೋರುತ್ತಿದೆ ಎಂದು ವಾಸನೆಯಿಂದಲೇ ಗೊತ್ತಾಯಿತು. ಫಿಟ್ಟರನಿಗೆ ಫೋನ್ ಮಾಡಿದೆ. “ಎಂಜಿನ್ ಆಫ್ ಮಾಡಿ ಸುಮ್ನೆ ಕೂತ್ಕೋ. ಬರ್ತೀನಿ” ಎಂದ.

ನಾನು ಸುಮ್ಮನೆ ಕೂರಲಿಲ್ಲ. ಅವನು ಬರುವುದರೊಳಗೆ ತೂತು ಎಲ್ಲಿದೆ ಎಂದು ಕಂಡುಹಿಡಿದು, ಇಲ್ಲಿದೆ ನೋಡಣ್ಣ ಎಂದು ತೋರಿಸಿ, ಒಂದು ಸಲವಾದರೂ ಅವನ ಬಾಯಿ ಮುಚ್ಚಿಸಬೇಕೆಂಬ ಹುರುಪು. ಎಂಜಿನ್ ನಿಂತರೆ ಸೋರುವುದೂ ನಿಲ್ಲುತ್ತದೆ, ಅದಕ್ಕೆ ಓಡುತ್ತಿರಲಿ ಎಂದು ಬಿಟ್ಟು ಇಳಿದೆ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಕೈ ಹಾಕಬಾರದು ಎಂದು ಅವನು ನೂರು ಸಲ ಹೇಳಿದ್ದ. ಹೊಡೆದೂ ಹೇಳಿದ್ದ. ಆದರೆ ನಮ್ಮ ಕಡೆಯ ಆಪರೇಟರುಗಳೆಲ್ಲ ಕೈಯಿಂದಲೇ ನೋಡುವುದು. ಕೈಗೆ ಒದ್ದೆ ಹತ್ತಿತೋ ಅಲ್ಲೇ ತೂತು. ನಾನೂ ಹೋಸಿನ ಮೇಲೆ ಬಲಗೈ ಆಡಿಸಿದೆ. ತೋರುಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗಾಯಿತು.

ನೋಡಿದರೆ ಒಂದು ಚುಕ್ಕೆ. ಒಂದೇ ಒಂದು ಹನಿ ರಕ್ತ. ಹೋಸಿನೊಳಗಿನ ತಂತಿ ಚುಚ್ಚಿರಬೇಕು ಎಂದುಕೊಂಡು ಪ್ಯಾಂಟಿಗೆ ಒರೆಸಿಕೊಂಡೆ. ನೋವೂ ಇರಲಿಲ್ಲ.

ಫಿಟ್ಟರ್ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ರಟ್ಟಿನ ತುಂಡನ್ನು ಹೋಸಿನ ಪಕ್ಕ ಹಿಡಿದು ಮೆಲ್ಲಗೆ ಸರಿಸಿದ. ಒಂದು ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಆಯಿಲ್ ಎಳೆಯೊಂದು ಆ ರಟ್ಟನ್ನು ಬ್ಲೇಡಿನಿಂದ ಕೊಯ್ದ ಹಾಗೆ ಸೀಳಿತು. ಅವನು ಎಂಜಿನ್ ಆರಿಸಿ ನನ್ನ ಕಡೆ ತಿರುಗಿದ. ನಾನು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿಕೊಳ್ಳುತ್ತಿದ್ದೆ. ಅದು ಸ್ವಲ್ಪ ಜೋಮು ಹಿಡಿದಂತಿತ್ತು.

“ಕೈ ಹಾಕಿದ್ಯಾ?”

“ಇಲ್ಲಣ್ಣ.”

ಹೋಸ್ ತುಂಡು ಸೊಂಟದಿಂದ ಹೊರಬಂದದ್ದು ಕಾಣಲಿಲ್ಲ. ತೊಡೆಗೆ ಬಿತ್ತು, ಬೆನ್ನಿಗೆ ಬಿತ್ತು, ಕೆಳಗೆ ಬಿದ್ದ ಮೇಲೆ ಪಕ್ಕೆಗೂ ಬಿತ್ತು. ಬಲಗೈಯೊಂದನ್ನು ಬಿಟ್ಟು ಮೈಯೆಲ್ಲ ಬಿತ್ತು. ಹಾಕಿ ಎಷ್ಟು ಹೊತ್ತಾಯಿತು ಎಂದು ಅವನು ಕೇಳುತ್ತಲೇ ಇದ್ದ. ಮುಕ್ಕಾಲು ಗಂಟೆ ಎಂದು ಅಳುತ್ತಾ ಹೇಳಿದೆ. ಹೂಳು ತುಂಬಿದ ಟಿಪ್ಪರೊಂದು ಹೊರಡಲು ನಿಂತಿತ್ತು. ಅದರ ಡ್ರೈವರನನ್ನು ರಟ್ಟೆ ಹಿಡಿದು ಕೆಳಗೆಳೆದ. ನನ್ನನ್ನು ಮೂಟೆಯ ಹಾಗೆ ಎತ್ತಿ ಕ್ಯಾಬಿನ್ನಿಗೆ ಎಸೆದು ತಾನೇ ಸ್ಟೇರಿಂಗ್ ಹಿಡಿದ. “ಆಸ್ಪತ್ರೆಗೆ” ಎಂದ. ಬಿಡಿಸಿ ಹೇಳುವುದು ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಸೂಜಿ ಚುಚ್ಚಿದ್ದಕ್ಕೆ ಆಸ್ಪತ್ರೆಯೇ, ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಟಿಪ್ಪರ್ ಸಾಗರ ರಸ್ತೆಯಲ್ಲಿ ಎದುರಿಗೆ ಬಂದವರನ್ನೆಲ್ಲ ಬದಿಗೆ ಹಾರಿಸುತ್ತಾ ಓಡಿತು.

ಆಲ್ಕೊಳ ಸರ್ಕಲ್ಲಿನಲ್ಲಿ ಒಂದು ಬಸ್ಸು ಅಡ್ಡ ಬಂದು ನಿಲ್ಲಬೇಕಾಯಿತು. ನಮ್ಮ ಅಕ್ಕನ ಮನೆ ಅಲ್ಲೇ ಎರಡನೇ ತಿರುವಿನಲ್ಲಿ. ಅಲ್ಲಿಗೆ ಹೋಗಿ ಅರಿಶಿನ ಹಚ್ಚಿಸಿಕೊಂಡು ಮಲಗಿಬಿಡಬೇಕು, ನಾಳೆಯಿಂದ ಈ ಕೆಲಸವೇ ಬೇಡ ಎಂದು ಬಾಗಿಲು ತೆಗೆದೆ. ಅವನು ನನ್ನ ಕೂದಲು ಹಿಡಿದು ಎಳೆದ. ಸೀಟಿನ ಅಡಿಯಲ್ಲಿ ಜಾಕಿನ ರಾಡು ಎಡಗೈಗೆ ಸಿಕ್ಕಿತು. ಅವನ ಮುಖಕ್ಕೆ ಬೀಸಿದೆ.

ಆ ಶಬ್ದ ಈಗಲೂ… ಕೆಲವು ಶಬ್ದಗಳನ್ನು ಕಿವಿ ಬಿಟ್ಟುಕೊಡುವುದಿಲ್ಲ. ಮುಂದಿನ ಹಲ್ಲುಗಳು ಮುರಿದವು. ರಕ್ತ ಗದ್ದದಿಂದ ಅಂಗಿಗೆ, ಅಂಗಿಯಿಂದ ಸ್ಟೇರಿಂಗಿಗೆ ಸುರಿಯಿತು. ಅವನು ನನ್ನನ್ನು ತಿರುಗಿ ಹೊಡೆಯಲಿಲ್ಲ. ರಾಡು ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆದ. ಎರಡು ಬೆರಳಿಲ್ಲದ ಎಡಗೈಯಲ್ಲಿ ನನ್ನ ಕೂದಲು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಮತ್ತೆ ಓಡಿಸಿದ.

ಹೂಳಿನ ಟಿಪ್ಪರ್ ಒಂದು ನರ್ಸಿಂಗ್ ಹೋಮಿನ ಗೇಟಿಗೆ ತಾಗಿಕೊಂಡು ನಿಂತಿತು. ರಕ್ತ ನೋಡಿ ಅಲ್ಲಿಯವರು ಅವನನ್ನೇ ಹಿಡಿದುಕೊಂಡರು. ಅವರನ್ನೆಲ್ಲ ನೂಕಿ ನನ್ನ ಕೈ ಮುಂದೆ ಚಾಚಿದ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಆ ಚುಕ್ಕೆ ನೋಡಿ, ಒಂದು ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿ ಎಂದರು. ಫಿಟ್ಟರ್ ಅವರ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. ಪಕ್ಕದ ಗಾಜಿನ ಬಾಗಿಲು ಒಡೆದು ನೆಲದ ತುಂಬಾ ಚೆಲ್ಲಿತು. ತನ್ನ ಮೂರು ಬೆರಳಿನ ಕೈಯನ್ನು ಆ ಡಾಕ್ಟರ ಮೂಗಿನ ಹತ್ತಿರ ಹಿಡಿದು, ಮುರಿದ ಹಲ್ಲಿನ ಬಾಯಿಂದ ಉಗುಳುತ್ತಾ ಹೇಳಿದ: “ನಂಗೂ ಟಿಟಿ ಚುಚ್ಚಿ ಕಳ್ಸಿದ್ರು ಸ್ವಾಮಿ. ಒಳಗೆ ಆಯಿಲ್ ಹೋಗ್ಬಿಟ್ಟದೆ. ಕುಯ್ದು ತೊಳೀರಿ. ಕುಯ್ದು ತೊಳೀರಿ.”

ಆಗಲೇ ನನಗೆ ಅರ್ಥವಾದದ್ದು: ರಟ್ಟು ಸೀಳಿದ ಆ ಎಳೆಯೇ ನನ್ನ ಬೆರಳೊಳಗೂ ಹೊಕ್ಕಿತ್ತು, ಅವನ ಎರಡು ಬೆರಳು ಹೋದದ್ದೂ ಹೀಗೇ.

ಗಲಾಟೆಗೆ ಮೇಲಿನಿಂದ ಸರ್ಜನ್ ಇಳಿದು ಬಂದರು, ನೆರೆತ ಕೂದಲಿನ ಹೆಂಗಸು. ಅವನ ಕೈ ನೋಡಿದರು, ನನ್ನ ಕೈ ನೋಡಿದರು. ಅಷ್ಟರಲ್ಲಿ ನನ್ನ ಬೆರಳು ಊದಿ ಹೊಳೆಯುತ್ತಿತ್ತು. ಎಷ್ಟು ಹೊತ್ತಾಯಿತು ಎಂದು ಅವರೂ ಅದೇ ಪ್ರಶ್ನೆ ಕೇಳಿದರು. ನನ್ನನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ಒಯ್ಯುವಾಗ ಪೊಲೀಸರು ಬಂದಿದ್ದರು. ಲಾಠಿ ಬೀಳುತ್ತಿತ್ತು. ಅಷ್ಟು ಜನರಿಗೆ ಹೊಡೆದ ಆ ಮನುಷ್ಯ ಎರಡೂ ಕೈ ಕೆಳಗೆ ಬಿಟ್ಟು, ಆಪರೇಷನ್ ಥಿಯೇಟರಿನ ಬಾಗಿಲನ್ನೇ ನೋಡುತ್ತಾ ಏಟು ತಿನ್ನುತ್ತಿದ್ದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಬೆರಳಿನಿಂದ ಮಣಿಕಟ್ಟಿನವರೆಗೆ ಕೊಯ್ದು ಒಳಗಿನ ಆಯಿಲ್ ತೊಳೆದರು. ಮತ್ತೆ ಎರಡು ಸಲ ತೊಳೆದರು. ಇನ್ನು ಒಂದೆರಡು ಗಂಟೆ ತಡವಾಗಿದ್ದರೆ ಕೈ ತೆಗೆಯಬೇಕಾಗುತ್ತಿತ್ತು ಎಂದು ಸರ್ಜನ್ ಹೇಳಿದರು. ಮೂರನೇ ದಿನ ಓನರ್ ಒಬ್ಬ ಹೆಡ್ ಕಾನ್‌ಸ್ಟೇಬಲ್ ಜೊತೆ ಬಂದರು. ಬರೆದ ಕಾಗದ ಸಿದ್ಧವಾಗಿತ್ತು. ಫಿಟ್ಟರ್ ನನ್ನನ್ನು ಹೋಸಿನಿಂದ ಹೊಡೆದ, ಡ್ರೈವರನನ್ನು ಎಳೆದುಹಾಕಿ ಗಾಡಿ ಒಯ್ದ, ಡಾಕ್ಟರ ಮೇಲೆ ಕೈ ಮಾಡಿದ, ಗಾಜು ಒಡೆದ. ಎಲ್ಲವೂ ನಿಜವೇ. ಯಾಕೆ ಎನ್ನುವುದು ಮಾತ್ರ ಒಂದು ಸಾಲಿನಲ್ಲೂ ಇರಲಿಲ್ಲ.

“ನೋಡು ಮಾರಾಯ, ಅವ್ನು ನಿಂಗ್ ಹೊಡ್ದಿದ್ದು ಸುಳ್ಳಾ? ದಿನಾ ಒಬ್ರಿಗೆ ಬಡೀತಾನೆ, ಮಷಿನ್ ನಿಲ್ಲಿಸ್ತಾನೆ. ಎಷ್ಟು ದಿನ ಅಂತ ಸಹಿಸ್ಕೊಳ್ಳೋದು” ಎಂದರು ಓನರ್.

ನಾನು ಕೇಳಿದ್ದು ಒಂದೇ ಮಾತು. ಅವನು ತನ್ನ ಹಲ್ಲಿನ ಬಗ್ಗೆ ಏನು ಹೇಳಿದ್ದಾನೆ? ಕಾನ್‌ಸ್ಟೇಬಲ್ ನಕ್ಕರು. “ಬ್ರೇಕ್ ಹಾಕ್ದಾಗ ಸ್ಟೇರಿಂಗ್ ಹೊಡೀತು ಅಂತಾನೆ. ಎರಡು ಬಿಟ್ರೂ ಅದನ್ನೇ ಹೇಳ್ತಾನೆ.”

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಗುರವಾಯಿತು. ಬಕೆಟ್ಟಿನ ಅಡಿ ನಿಲ್ಲಿಸಿದ್ದು, ಡ್ರೈವರುಗಳ ಮುಂದೆ ನೆಲಕ್ಕೆ ಕೆಡವಿ ಬಡಿದದ್ದು ಎಲ್ಲ ನೆನಪಾಯಿತು. ನೆನಪು ಮಾಡಿಕೊಂಡೆ ಎಂದರೇ ಸರಿ, ಆ ಗಳಿಗೆಯಲ್ಲಿ ನನಗೆ ಅದು ಬೇಕಾಗಿತ್ತು. ಬಲಗೈ ಮೊಣಕೈತನಕ ಬ್ಯಾಂಡೇಜಿನಲ್ಲಿ ನೇತಾಡುತ್ತಿತ್ತು. ಕಾನ್‌ಸ್ಟೇಬಲ್ ಶಾಯಿಯ ಡಬ್ಬಿ ತೆಗೆದರು. ಎಡಗೈ ಹೆಬ್ಬೆಟ್ಟು ಒತ್ತಿದೆ.

ಫಿಟ್ಟರ್ ಕೋರ್ಟಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡನಂತೆ. ನನ್ನನ್ನು ಯಾರೂ ಸಾಕ್ಷಿಗೆ ಕರೆಯಲೇ ಇಲ್ಲ. ಕೆಲವು ತಿಂಗಳು ಒಳಗಿದ್ದ ಎಂದು ಕೇಳಿದೆ. ಕೈ ವಾಸಿಯಾದ ಮೇಲೆ ನಾನು ಆ ಯಾರ್ಡಿಗೆ ಹೋಗಲಿಲ್ಲ. ಘಟ್ಟದ ಕೆಳಗೆ ರಸ್ತೆ ಕೆಲಸಕ್ಕೆ ಸೇರಿ ಏಳು ವರ್ಷ ಮಷಿನ್ ಓಡಿಸಿದೆ. ವಾಪಸು ಬಂದು ಅಂಗಡಿ ತೆರೆದೆ. ಭದ್ರಾವತಿಯಿಂದ ಬರುವ ಗಿರಾಕಿಗಳನ್ನು ಅವನ ಬಗ್ಗೆ ಕೇಳಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಹೋಸಿನ ಅಳತೆ ಕೇಳಿ ಕಳಿಸುತ್ತಿದ್ದೆ.

ಕಳೆದ ವಾರ ಆ ಟೀ ಅಂಗಡಿಯಿಂದ ಎದ್ದವನು ಅಂಗಡಿಗೆ ಹೋಗಲಿಲ್ಲ. ಭದ್ರಾವತಿ ಬಸ್ಸು ಹತ್ತಿದೆ. ಹಳೇ ಊರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ, ಎಡಗೈಗೆ ಎರಡು ಬೆರಳಿಲ್ಲದ ಫಿಟ್ಟರ್ ಎಂದ ಕೂಡಲೇ ಓಣಿ ತೋರಿಸಿದರು. ತೋರಿಸುತ್ತಾ, ಅವರು ಹೋಗಿ ನಾಲ್ಕು ವರ್ಷ ಆಯ್ತಲ್ಲ ಎಂದರು.

ಅವನ ಹೆಂಡತಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರು ಎಂದು ಹೇಳಿದೆ. ಯಾವ ಯಾರ್ಡ್, ಯಾವ ಮಷಿನ್, ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ತಲೆಯೆತ್ತಿದರು.

“ಸೈನ್ ಹಾಕೋ ಹುಡುಗನಾ?”

ಹೌದು ಎಂದೆ.

“ಕೈ ತೋರ್ಸು.”

ಬಲಗೈ ಮುಂದೆ ಚಾಚಿದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈ ಮೇಲೆ ಮಾಡಿ, ಒಂದೊಂದೇ ಬೆರಳನ್ನು ಮಡಚಿ ಬಿಚ್ಚಿ ನೋಡಿದರು. ಕೊಯ್ದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಕೋರ್ಟ್‌ನಾಗೆ ನಿನ್ ಪೇಪರ್ ತೋರ್ಸಿದ್ರಂತೆ. ಅಷ್ಟು ಚಂದ ಸೈನ್ ಹಾಕೋನು ಹೆಬ್ಬೆಟ್ಟು ಒತ್ತಿದಾನೆ ಅಂದ್ರೆ ಕೈ ಕಡ್ದುಬಿಟ್ಟಿದಾರೆ ಅಂತ ಇವ್ರು ಅಂದ್ಕೊಂಡ್ರು. ಅದಕ್ಕೇ ಎಲ್ಲಾ ಒಪ್ಕೊಂಡ್ರು. ಜೈಲಿಂದ ಬಂದ್ಮೇಲೂ ಅದೇ ಮಾತು. ನಾನು ಇನ್ನೂ ಬೇಗ ಹೋಗ್ಬೇಕಿತ್ತು, ಹುಡುಗನ ಕೈ ಹೋಯ್ತು, ಅಂತ. ಹೋಗಿ ನೋಡ್ಕೊಂಡ್ ಬನ್ನಿ ಅಂದ್ರೆ, ಕೈ ಇಲ್ದೇ ಇರೋ ಆಪರೇಟರ್ ಮುಂದೆ ಹೆಂಗ್ ನಿಂತ್ಕೊಳ್ಳೋದು ಅಂತಿದ್ರು. ಸಾಯೋ ತನಕ ಹಂಗೇ ಅಂದ್ಕೊಂಡಿದ್ರು ಕಣಪ್ಪ.”

ನನ್ನ ಕೈಯನ್ನು ಅವರು ಬಿಟ್ಟುಬಿಟ್ಟರು. ಮತ್ತೆ ಅವರೆಕಾಯಿಯ ಮೊರ ಎಳೆದುಕೊಂಡರು. ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಹೊರಟುಬಂದೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹತ್ತು ನಿಮಿಷಕ್ಕೊಂದು ಬಸ್ಸು ಇದೆ. ಅವನು ಬದುಕಿದ್ದಾಗಲೂ ಇತ್ತು.